ಇಂಗ್ಲೆಂಡಿನ ಬರ: ಸೋರುವ ಪೈಪು, ಸಿಟ್ಟಿಗೆದ್ದ ಜನ

2025ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ರಾಷ್ಟ್ರೀಯ ಬರ ಸಮಿತಿ ಸಭೆ ಸೇರಿತು. ದೇಶದ ನೀರಿನ ಕೊರತೆ 'ರಾಷ್ಟ್ರೀಯ ಮಹತ್ವದ' ವಿಷಯವೆಂದು ಘೋಷಿಸಿತು. ಜತೆಗೆ ಜನರಿಗೆ ಕೆಲವು ಸಲಹೆಗಳನ್ನೂ ಕೊಟ್ಟಿತು. ಸ್ನಾನ ಬೇಗ ಮುಗಿಸಿ, ಹುಲ್ಲುಹಾಸಿಗೆ ನೀರು ಹಾಕಬೇಡಿ, ಮಳೆನೀರು ಹಿಡಿದಿಡಿ ಎಂಬುದೆಲ್ಲ ಎಲ್ಲರಿಗೂ ಗೊತ್ತಿರುವ ಮಾತೇ. ಆದರೆ ಪಟ್ಟಿಯಲ್ಲಿ ಇನ್ನೊಂದು ಸಲಹೆಯೂ ಇತ್ತು. ನಿಮ್ಮ ಹಳೆಯ ಇ-ಮೇಲ್‌ಗಳನ್ನೂ ಫೋಟೋಗಳನ್ನೂ ಅಳಿಸಿಹಾಕಿ, ಅವನ್ನು ಕಾಪಿಡುವ ಕಂಪ್ಯೂಟರ್ ಕೇಂದ್ರಗಳನ್ನು ತಂಪಾಗಿಡಲು ಬಹಳ ನೀರು ಬೇಕಾಗುತ್ತದೆ ಎಂದು!

ಜನ ಮೊದಲು ನಕ್ಕರು. ಅನಂತರ ಸಿಟ್ಟಾದರು. ಸಿಟ್ಟಿಗೆ ಕಾರಣವಿತ್ತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ನೀರಿನ ಕಂಪೆನಿಗಳ ಜಾಲದಿಂದ ಪ್ರತಿದಿನ ಸುಮಾರು 300 ಕೋಟಿ ಲೀಟರ್ ಶುದ್ಧೀಕರಿಸಿದ ನೀರು ಸೋರಿ ಮಣ್ಣಿಗೆ ಹೋಗುತ್ತದೆ. ಪೂರೈಕೆಯಾಗುವ ನೀರಿನಲ್ಲಿ ಇದು ಐದರಲ್ಲೊಂದು ಪಾಲು. ಅಲ್ಲಿ ಒಬ್ಬರು ದಿನಕ್ಕೆ ಬಳಸುವುದು ಸುಮಾರು 140 ಲೀಟರ್. ಆ ಲೆಕ್ಕದಲ್ಲಿ ಸೋರಿಹೋಗುವ ನೀರು ಎರಡು ಕೋಟಿ ಜನರಿಗೆ ಸಾಕು. ಇಷ್ಟನ್ನು ನೆಲಕ್ಕೆ ಬಿಡುವವರು ನಮಗೆ ಇ-ಮೇಲ್ ಅಳಿಸಲು ಹೇಳುತ್ತಾರಲ್ಲ ಎಂಬುದು ಜನಸಾಮಾನ್ಯರ ಪ್ರಶ್ನೆ.

ಬರ ಬಂದಾಗ ಸಹಿಸಿಕೊಳ್ಳುವುದು ಮನುಷ್ಯನಿಗೆ ಹೊಸತಲ್ಲ. ಮಳೆಗೆ ಯಾರೂ ಹೊಣೆಯಲ್ಲ. ಆದರೆ ಇಂಗ್ಲೆಂಡಿನಲ್ಲಿ ಮೂರು ದಶಕಗಳಿಂದ ಪ್ರತಿಯೊಂದು ಬರಗಾಲವೂ ಆಕಾಶದ ಕುರಿತ ದೂರಾಗಿ ಆರಂಭವಾಗಿ ಕಂಪೆನಿಗಳ ಕುರಿತ ದೂರಾಗಿ ಮುಗಿಯುತ್ತಿದೆ. ಹೀಗೇಕೆ ಎಂಬುದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮಳೆಯ ನಾಡೆಂಬ ಭ್ರಮೆ

ಇಂಗ್ಲೆಂಡ್ ಎಂದರೆ ಸದಾ ಜಿಟಿಜಿಟಿ ಮಳೆ, ಕೈಯಲ್ಲೊಂದು ಕೊಡೆ ಎಂದು ನಾವು ಭಾವಿಸಿದ್ದೇವೆ. ಆದರೆ ಲಂಡನ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್ ಮಾತ್ರ. ನಮ್ಮ ಕರಾವಳಿಯಲ್ಲಿ ಇಷ್ಟು ಮಳೆ ಜೂನ್ ತಿಂಗಳೊಂದರಲ್ಲೇ ಬಂದುಬಿಡುತ್ತದೆ. ಆಗ್ನೇಯ ಇಂಗ್ಲೆಂಡಿನಲ್ಲಿ ಮಳೆ ಕಡಿಮೆ, ಜನಸಂಖ್ಯೆ ಹೆಚ್ಚು. ಚಳಿಗಾಲದ ಮಳೆ ಸುಣ್ಣಕಲ್ಲಿನ ನೆಲದೊಳಗೆ ಇಂಗಿ ಬೇಸಗೆಯಲ್ಲಿ ನದಿಗಳನ್ನು ಪೋಷಿಸಬೇಕು. ಚಳಿಗಾಲ ಒಣಗಿದರೆ ಮುಂದಿನ ಬೇಸಗೆ ಕಷ್ಟ. ಹವಾಮಾನ ಬದಲಾಗುತ್ತಿರುವ ಈ ದಿನಗಳಲ್ಲಿ ಇಂತಹ ವರ್ಷಗಳು ಮೇಲಿಂದ ಮೇಲೆ ಬರುತ್ತಿವೆ.

1976ರಲ್ಲಿ ಅಂಥದ್ದೇ ಬರ ಬಂದಿತ್ತು. ಕೆಲವು ಕಡೆ ಮನೆಯ ನಳ್ಳಿ ನಿಂತುಹೋಗಿ ಬೀದಿ ನಳ್ಳಿಯ ಮುಂದೆ ಬಕೆಟ್ ಹಿಡಿದು ಸಾಲುಗಟ್ಟಬೇಕಾಯಿತು. ಸಂಸತ್ತು ತುರ್ತಾಗಿ ಬರ ಕಾಯಿದೆಯನ್ನು ಅಂಗೀಕರಿಸಿತು. ಡೆನಿಸ್ ಹೋವೆಲ್ ಎಂಬ ಸಚಿವರಿಗೆ ಬರದ ಉಸ್ತುವಾರಿಯನ್ನೇ ವಹಿಸಲಾಯಿತು. ಅವರು ಅಧಿಕಾರ ವಹಿಸಿಕೊಂಡ ಕೆಲವೇ ದಿನಗಳಲ್ಲಿ ಮಳೆ ಸುರಿದದ್ದು ಅಲ್ಲಿ ಇಂದಿಗೂ ತಮಾಷೆಯ ವಿಷಯ. ಆ ಬೇಸಗೆಯನ್ನು ನೆನೆಯುವ ಹಿರಿಯರು ಕಷ್ಟದ ಜತೆಗೆ ಒಂದು ಬಗೆಯ ಒಗ್ಗಟ್ಟನ್ನೂ ನೆನೆಯುತ್ತಾರೆ. ಆಗ ನೀರು ಸರಕಾರಿ ಪ್ರಾಧಿಕಾರಗಳ ಕೈಯಲ್ಲಿತ್ತು. ನೀರು ಉಳಿಸಿರೆಂದು ಕೇಳಿದವರು ಅದರಿಂದ ಲಾಭ ಮಾಡುವವರಾಗಿರಲಿಲ್ಲ.

1989: ನೀರು ಮಾರಾಟಕ್ಕೆ

ಹಾಗೆಂದು ಸರಕಾರಿ ವ್ಯವಸ್ಥೆ ಚೆನ್ನಾಗಿತ್ತು ಎನ್ನುವಂತಿಲ್ಲ. ಖಜಾನೆಯಿಂದ ಹಣ ಬರುತ್ತಿರಲಿಲ್ಲ. ಹಳೆಯ ಪೈಪುಗಳು, ಕೊಳಚೆ ಸೇರುವ ನದಿ ಮತ್ತು ಕಡಲತೀರಗಳಿಂದಾಗಿ ಬ್ರಿಟನ್ 'ಯುರೋಪಿನ ಕೊಳಕು ಮನುಷ್ಯ' ಎಂಬ ಹೆಸರು ಪಡೆದಿತ್ತು. ಯುರೋಪಿನ ನಿಯಮಗಳಿಗೆ ತಕ್ಕಂತೆ ಎಲ್ಲವನ್ನೂ ಸರಿಪಡಿಸಲು ಅಪಾರ ಹಣ ಬೇಕಿತ್ತು. ಆ ಹಣವನ್ನು ಖಾಸಗಿಯವರು ತರಲಿ ಎಂಬುದು ಮಾರ್ಗರೇಟ್ ಥ್ಯಾಚರ್ ಸರಕಾರದ ವಾದವಾಗಿತ್ತು.

1989ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಹತ್ತು ಪ್ರಾದೇಶಿಕ ಜಲ ಪ್ರಾಧಿಕಾರಗಳನ್ನು ಷೇರು ಮಾರುಕಟ್ಟೆಯಲ್ಲಿ ಮಾರಲಾಯಿತು. ಸರಕಾರಕ್ಕೆ ಬಂದದ್ದು ಸುಮಾರು 760 ಕೋಟಿ ಪೌಂಡ್. ಆದರೆ ಮಾರುವ ಮೊದಲು ಸರಕಾರ ಅವುಗಳ ಸುಮಾರು 500 ಕೋಟಿ ಪೌಂಡ್ ಸಾಲವನ್ನು ಮನ್ನಾ ಮಾಡಿತ್ತು. ಸಾಲದೆಂಬಂತೆ, ಪರಿಸರ ಸುಧಾರಣೆಗೆಂದು ಇನ್ನೂ 150 ಕೋಟಿ ಪೌಂಡ್ ಕೈಗಿತ್ತು ಕಳುಹಿಸಿತು. ಮದುವೆ ಮಾಡಿ, ಸಾಲ ತೀರಿಸಿ, ವರದಕ್ಷಿಣೆಯನ್ನೂ ಕೊಟ್ಟಂತೆ!

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಹಲವು ದೇಶಗಳಲ್ಲಿ ನೀರು ಪೂರೈಕೆಯ ನಿರ್ವಹಣೆಯನ್ನು ಮಾತ್ರ ಕೆಲವು ವರ್ಷಗಳ ಗುತ್ತಿಗೆಗೆ ಕೊಡುತ್ತಾರೆ. ಪೈಪು, ಜಲಾಶಯಗಳು ನಗರಾಡಳಿತದ ಸೊತ್ತಾಗಿಯೇ ಉಳಿಯುತ್ತವೆ. ಇಂಗ್ಲೆಂಡ್ ಜಲಾಶಯ, ಪೈಪು, ಜಾಗ ಎಲ್ಲವನ್ನೂ ಮಾರಿತು. ಮನೆಯವರಿಗೆ ಕಂಪೆನಿ ಬದಲಾಯಿಸುವ ಅವಕಾಶ ಇಲ್ಲ. ಅಕ್ಕಿ ಅಂಗಡಿಯವನು ಮೋಸ ಮಾಡಿದರೆ ಪಕ್ಕದ ಅಂಗಡಿಗೆ ಹೋಗಬಹುದು, ನಳ್ಳಿಗೆ ಪಕ್ಕದ ಅಂಗಡಿ ಇಲ್ಲ. ಈ ಏಕಸ್ವಾಮ್ಯವನ್ನು ಹದ್ದಿನ ಕಣ್ಣಿನಿಂದ ಕಾಯಲೆಂದು 'ಆಫ್‌ವಾಟ್' ಎಂಬ ನಿಯಂತ್ರಣ ಸಂಸ್ಥೆಯನ್ನು ಸ್ಥಾಪಿಸಲಾಯಿತು. ಐದು ವರ್ಷಕ್ಕೊಮ್ಮೆ ಕಂಪೆನಿಗಳು ಎಷ್ಟು ಬಿಲ್ ಹಾಕಬಹುದು, ಎಷ್ಟು ಹಣ ಹೂಡಬೇಕು ಎಂದು ನಿರ್ಧರಿಸುವುದು ಅದರ ಕೆಲಸ.

ಸ್ನಾನ ಮಾಡದ ಮುಖ್ಯಸ್ಥ

ಮೊದಲ ಪರೀಕ್ಷೆ ಬಂದದ್ದು 1995ರಲ್ಲಿ, ಯಾರ್ಕ್‌ಶೈರ್‌ನಲ್ಲಿ. ಬೇಸಗೆ ಒಣಗಿತು, ಪಶ್ಚಿಮ ಭಾಗದ ಜಲಾಶಯಗಳು ಬರಿದಾದವು. ಯಾರ್ಕ್‌ಶೈರ್ ವಾಟರ್ ಕಂಪೆನಿ ನೂರಾರು ಟ್ಯಾಂಕರುಗಳಲ್ಲಿ ಹಗಲಿರುಳು ನೀರು ಸಾಗಿಸಿ ಜಲಾಶಯ ತುಂಬಿಸಬೇಕಾಯಿತು. ಸರದಿಯಂತೆ ನಳ್ಳಿ ನಿಲ್ಲಿಸುವ ಬೆದರಿಕೆಯೂ ಬಂತು. ಜನರಿಗೆ ಮಾದರಿಯಾಗಲೆಂದು ಕಂಪೆನಿಯ ಮುಖ್ಯಸ್ಥರು, ತಾನು ಮೂರು ತಿಂಗಳಿಂದ ಸ್ನಾನ ಮಾಡಿಲ್ಲ, ಬೋಗುಣಿ ನೀರಿನಲ್ಲೇ ಮೈ ತೊಳೆಯುತ್ತಿದ್ದೇನೆ ಎಂದು ಹೇಳಿಕೊಂಡರು. ಆಮೇಲೆ ನೋಡಿದರೆ ಅವರು ಯಾರ್ಕ್‌ಶೈರ್‌ನ ಹೊರಗಿರುವ ಸಂಬಂಧಿಕರ ಮನೆಗೆ ಹೋಗಿ ಸ್ನಾನ ಮಾಡುತ್ತಿದ್ದರೆಂಬುದು ಬಯಲಾಯಿತು.

ಇದು ಬರೀ ನಗುವಿನ ಸಂಗತಿಯಲ್ಲ. ಜನ ನೀರು ಉಳಿಸಲು ಮನಸ್ಸು ಮಾಡದೇ ಇದ್ದುದು ಸೋಮಾರಿತನದಿಂದಲ್ಲ. ನಿಮ್ಮ ಪೈಪು ಸೋರುತ್ತಿದೆ, ನಿಮ್ಮ ಷೇರುದಾರರಿಗೆ ಲಾಭಾಂಶ ಹೋಗುತ್ತಿದೆ, ನಿಮ್ಮ ನಿರ್ದೇಶಕರ ಸಂಬಳ ಏರುತ್ತಿದೆ, ನಾವೇಕೆ ಉಳಿಸಬೇಕು ಎಂಬುದು ಅವರ ವಾದವಾಗಿತ್ತು. 1976ರಲ್ಲಿ ನೆರೆಹೊರೆಯವರಿಗಾಗಿ ಉಳಿಸಿದ್ದ ಬಕೆಟ್ ನೀರು 1995ರಲ್ಲಿ ಕಂಪೆನಿಗೆ ಉಳಿತಾಯ ಮಾಡಿಕೊಟ್ಟಂತೆ ಕಂಡಿತು.

ಮುಂದೆ ಆದದ್ದು ಮುಖ್ಯ. ಪ್ರೊಫೆಸರ್ ಜಾನ್ ಉಫ್ ಅವರ ನೇತೃತ್ವದಲ್ಲಿ ವಿಚಾರಣೆ ನಡೆಯಿತು. ಕಂಪೆನಿ ತಲೆತಗ್ಗಿಸಬೇಕಾಯಿತು. ಯಾರ್ಕ್‌ಶೈರ್ ತುಂಬ ಪೈಪುಗಳ ಜಾಲ ಬೆಸೆದು, ನೀರಿರುವ ಕಡೆಯಿಂದ ಇಲ್ಲದ ಕಡೆಗೆ ಸಾಗಿಸುವ ವ್ಯವಸ್ಥೆಯನ್ನು ಬಲಪಡಿಸಲಾಯಿತು. 1997ರಲ್ಲಿ ಅಧಿಕಾರಕ್ಕೆ ಬಂದ ಲೇಬರ್ ಸರಕಾರ ಸೋರಿಕೆಗೆ ಕಡ್ಡಾಯ ಮಿತಿ ಹಾಕಿತು, ಖಾಸಗಿಯಾದ ಸೇವಾ ಕಂಪೆನಿಗಳ ಅತಿಲಾಭದ ಮೇಲೆ ಒಮ್ಮೆಗೆ ವಿಶೇಷ ತೆರಿಗೆ ವಿಧಿಸಿತು. ಬಿಲ್ ಕಟ್ಟದ ಮನೆಗಳ ನೀರಿನ ಸಂಪರ್ಕ ಕಡಿಯುವುದನ್ನು 1999ರ ಕಾಯಿದೆ ನಿಷೇಧಿಸಿತು. ಇದರ ಫಲವಾಗಿ, 1994-95ರಲ್ಲಿ ದಿನಕ್ಕೆ 500 ಕೋಟಿ ಲೀಟರ್ ದಾಟಿದ್ದ ಸೋರಿಕೆ ಐದಾರು ವರ್ಷಗಳಲ್ಲಿ ಮೂರನೇ ಒಂದರಷ್ಟು ಇಳಿಯಿತು. ಯಾರ್ಕ್‌ಶೈರ್‌ನಲ್ಲಿ 2022ರ ತನಕ, ಅಂದರೆ ಕಾಲು ಶತಮಾನಕ್ಕೂ ಮಿಕ್ಕಿ, ಹೋಸ್‌ಪೈಪ್ ನಿಷೇಧ ಬೇಕಾಗಲಿಲ್ಲ. ಜನರ ಸಿಟ್ಟು ಸರಕಾರವನ್ನು ಮುಟ್ಟಿದರೆ, ಸರಕಾರ ಕಂಪೆನಿಯ ಕಿವಿ ಹಿಂಡಿದರೆ ಕೆಲಸ ಆಗುತ್ತದೆ ಎಂಬುದಕ್ಕೆ ಇದೇ ಸಾಕ್ಷಿ.

ಸೋರಿಕೆಯ ಗಣಿತ

ಹಾಗಾದರೆ ಸೋರಿಕೆ ಅಲ್ಲಿಗೇ ಏಕೆ ನಿಂತಿತು? ಮುಂದಿನ ಎರಡು ದಶಕ ಅದು ಹೆಚ್ಚು ಕಡಿಮೆ ಅದೇ ಮಟ್ಟದಲ್ಲಿ ಉಳಿಯಿತು. ಇದರ ಹಿಂದೆ ಒಂದು ಗಣಿತವಿದೆ. ಒಂದು ತೂತು ಮುಚ್ಚಲು ರಸ್ತೆ ಅಗೆಯಬೇಕು, ಕೂಲಿ ಕೊಡಬೇಕು, ಮತ್ತೆ ಡಾಮರು ಹಾಕಬೇಕು. ಆ ತೂತಿನಿಂದ ಹೋಗುವ ನೀರನ್ನು ನದಿಯಿಂದ ಎತ್ತಿ ಶುದ್ಧೀಕರಿಸುವ ಖರ್ಚು ಅದಕ್ಕಿಂತ ಕಡಿಮೆಯಾದರೆ, ತೂತನ್ನು ಹಾಗೆಯೇ ಬಿಡುವುದು ಲಾಭ. ಸೋರಿಕೆಯ ಈ 'ಆರ್ಥಿಕ ಮಟ್ಟ'ವನ್ನು ನಿಯಂತ್ರಣ ಸಂಸ್ಥೆಯೂ ವರ್ಷಗಟ್ಟಲೆ ಒಪ್ಪಿಕೊಂಡಿತ್ತು.

ಲೆಕ್ಕದ ಪುಸ್ತಕದಲ್ಲಿ ಇದು ಸರಿ. ಆದರೆ ಮಳೆಗಾಲದಲ್ಲಿ ಅಗ್ಗವಾದ ನೀರು ಬರಗಾಲದಲ್ಲಿ ಬೆಲೆಕಟ್ಟಲಾಗದ್ದು. ಬತ್ತುವ ನದಿಗೆ, ಸಾಯುವ ಮೀನಿಗೆ, ಬಾಡುವ ತೋಟಕ್ಕೆ ಆ ಗಣಿತದಲ್ಲಿ ಸಿಕ್ಕ ಜಾಗ ಕಡಿಮೆ. ಸೋರಿಕೆಯ ಒಂದು ಪಾಲು ಮನೆಯವರ ಸ್ವಂತ ಪೈಪುಗಳಿಂದಲೇ ಆಗುತ್ತದೆ ಎಂಬುದೂ ನಿಜವೇ. ಆದರೆ ರಸ್ತೆಯಲ್ಲಿ ವಾರಗಟ್ಟಲೆ ಹರಿಯುವ ನೀರನ್ನು ಕಣ್ಣಾರೆ ಕಂಡವನಿಗೆ ಈ ಸಮಜಾಯಿಷಿ ಹಿಡಿಸುವುದಿಲ್ಲ.

2006ರಲ್ಲಿ ಲಂಡನ್‌ನಲ್ಲಿ ಇದೇ ಕತೆ ಮರುಕಳಿಸಿತು. ಥೇಮ್ಸ್ ವಾಟರ್ ಆಗ ಜರ್ಮನಿಯ ಆರ್‌ಡಬ್ಲ್ಯುಇ ಕಂಪೆನಿಯ ಕೈಯಲ್ಲಿತ್ತು. ಸೋರಿಕೆಯ ಗುರಿಯನ್ನು ತಾನು ಮುಟ್ಟದೆ ಗ್ರಾಹಕರ ಮೇಲೆ ಹೋಸ್‌ಪೈಪ್ ನಿಷೇಧ ಹೇರಿತು. ಅದೇ ವರ್ಷ ಆರ್‌ಡಬ್ಲ್ಯುಇ ಥೇಮ್ಸ್ ವಾಟರನ್ನು ಆಸ್ಟ್ರೇಲಿಯಾದ ಮ್ಯಾಕ್ವಾರಿ ಬ್ಯಾಂಕಿನ ನೇತೃತ್ವದ ಹೂಡಿಕೆದಾರರಿಗೆ ಮಾರಿಬಿಟ್ಟಿತು.

ಸಾಲದ ಹೊಳೆ

ಖಾಸಗೀಕರಣದ ದಿನ ಕಂಪೆನಿಗಳ ಮೇಲೆ ಸಾಲವಿರಲಿಲ್ಲ. 2023ರ ಹೊತ್ತಿಗೆ ಎಲ್ಲ ಕಂಪೆನಿಗಳ ಒಟ್ಟು ಸಾಲ 6,000 ಕೋಟಿ ಪೌಂಡ್ ದಾಟಿತ್ತು. ಇದೇ ಅವಧಿಯಲ್ಲಿ ಷೇರುದಾರರಿಗೆ ಹಂಚಿದ ಲಾಭಾಂಶ 5,000 ಕೋಟಿ ಪೌಂಡಿಗೂ ಹೆಚ್ಚು. ಹಣವೆಲ್ಲ ಪೋಲಾಯಿತು ಎಂದಲ್ಲ. ಶುದ್ಧೀಕರಣ ಘಟಕಗಳು ಬಂದವು, ನಳ್ಳಿ ನೀರಿನ ಗುಣಮಟ್ಟ ಬಹಳಷ್ಟು ಸುಧಾರಿಸಿತು. ಆದರೆ ಮಾಲಕರು ತಮ್ಮ ಹಣ ತರುತ್ತಾರೆ ಎಂಬುದು ಖಾಸಗೀಕರಣದ ಮೂಲ ಭರವಸೆಯಾಗಿತ್ತು. ನಡೆದದ್ದು ಬೇರೆ. ಗ್ರಾಹಕರ ಬಿಲ್ಲನ್ನು ಆಧಾರವಾಗಿಟ್ಟು ಸಾಲ ತೆಗೆದು, ಒಂದು ಕೈಯಿಂದ ಪೈಪಿಗೂ ಇನ್ನೊಂದು ಕೈಯಿಂದ ಲಾಭಾಂಶಕ್ಕೂ ಹಂಚಲಾಯಿತು.

ಥೇಮ್ಸ್ ವಾಟರ್ ಇದಕ್ಕೆ ದೊಡ್ಡ ಉದಾಹರಣೆ. ಲಂಡನ್ ಮತ್ತು ಸುತ್ತಮುತ್ತಲಿನ ಒಂದೂವರೆ ಕೋಟಿಗೂ ಹೆಚ್ಚು ಜನ ಅದರ ಗ್ರಾಹಕರು. 2006ರಿಂದ 2017ರ ತನಕದ ಮ್ಯಾಕ್ವಾರಿ ಕಾಲದಲ್ಲಿ ಅದರ ಸಾಲ ಸುಮಾರು ಮೂರು ಪಟ್ಟಾಯಿತು. 2024ರಲ್ಲಿ ಷೇರುದಾರರು, ಬ್ರಿಟನ್ನಿನ ವಿಶ್ವವಿದ್ಯಾನಿಲಯ ಸಿಬ್ಬಂದಿಯ ಪಿಂಚಣಿ ನಿಧಿಯೂ ಸೇರಿದಂತೆ, ಇನ್ನು ಹಣ ಹಾಕಲಾರೆವೆಂದು ಕೈಚೆಲ್ಲಿದರು. 2025ರ ಫೆಬ್ರವರಿಯಲ್ಲಿ ಕಂಪೆನಿ ಮುಳುಗದಂತೆ ಶೇ. 9.75 ಬಡ್ಡಿಯ 300 ಕೋಟಿ ಪೌಂಡ್ ತುರ್ತು ಸಾಲಕ್ಕೆ ಹೈಕೋರ್ಟ್ ಒಪ್ಪಿಗೆ ಕೊಟ್ಟಿತು. ಮೇ ತಿಂಗಳಲ್ಲಿ, ಕೊಳಚೆ ನೀರಿನ ನಿರ್ವಹಣೆ ಮತ್ತು ಲಾಭಾಂಶ ಹಂಚಿಕೆಯ ನಿಯಮ ಮುರಿದುದಕ್ಕಾಗಿ ಆಫ್‌ವಾಟ್ ಅದಕ್ಕೆ 12.27 ಕೋಟಿ ಪೌಂಡ್ ದಂಡ ಹಾಕಿತು.

ಇದೇ ಹೊತ್ತಿಗೆ ಬಿಲ್ ಏರಿತು. 2025ರ ಎಪ್ರಿಲ್‌ನಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಒಂದು ಮನೆಯ ವರ್ಷದ ಬಿಲ್ ಸರಾಸರಿ 123 ಪೌಂಡ್ ಹೆಚ್ಚಾಗಿ 603 ಪೌಂಡ್ ಆಯಿತು. ಅದರ ಬೆನ್ನಿಗೇ ಬರ ಬಂತು. ಯಾರ್ಕ್‌ಶೈರ್‌ನಲ್ಲಿ ಜುಲೈ 11ರಂದು ಹೇರಿದ ಹೋಸ್‌ಪೈಪ್ ನಿಷೇಧ ಡಿಸೆಂಬರ್ ತನಕ ಮುಂದುವರಿಯಿತು. ಹೆಚ್ಚು ಹಣ, ಕಡಿಮೆ ನೀರು!

2022: ಮುಚ್ಚಿದ್ದ ಘಟಕ, ತೆರೆದ ಕೊಳಚೆ

ಜನರ ಸಹನೆಯ ಕಟ್ಟೆ ಒಡೆದದ್ದು ಅದಕ್ಕೂ ಮೂರು ವರ್ಷ ಮೊದಲು. 2022ರ ಜುಲೈ 19ರಂದು ಇಂಗ್ಲೆಂಡಿನಲ್ಲಿ ಚರಿತ್ರೆಯಲ್ಲೇ ಮೊದಲ ಬಾರಿಗೆ ಉಷ್ಣತೆ 40 ಡಿಗ್ರಿ ದಾಟಿತು. ಆ ಜುಲೈ 1935ರ ಬಳಿಕದ ಅತ್ಯಂತ ಒಣ ಜುಲೈ. ಥೇಮ್ಸ್ ನದಿಯ ಉಗಮಸ್ಥಾನ ಬತ್ತಿ, ಹರಿವು ಮೈಲುಗಳಷ್ಟು ಕೆಳಗೆ ಸರಿಯಿತು. ಆಗಸ್ಟ್ 12ರಂದು ಅಧಿಕೃತವಾಗಿ ಬರ ಘೋಷಿಸಲಾಯಿತು. ಒಂದಾದ ಮೇಲೊಂದು ಕಂಪೆನಿ ನಿಷೇಧ ಹೇರಿತು. ಪೈಪು ಹಿಡಿದು ಕಾರು ತೊಳೆದರೆ, ಹೂದೋಟಕ್ಕೆ ನೀರು ಹಾಯಿಸಿದರೆ 1,000 ಪೌಂಡ್ ತನಕ ದಂಡ. ನಮ್ಮ ಲೆಕ್ಕದಲ್ಲಿ ಅದು ಲಕ್ಷ ರೂಪಾಯಿಯ ಮಾತು.

ಆಗ ಎರಡು ಸಂಗತಿಗಳು ಜನರ ಗಮನಕ್ಕೆ ಬಂದವು. ಮೊದಲನೆಯದು, ಪೂರ್ವ ಲಂಡನ್‌ನ ಬೆಕ್ಟನ್‌ನಲ್ಲಿ ಥೇಮ್ಸ್ ವಾಟರ್ 2010ರಲ್ಲಿ ತೆರೆದಿದ್ದ ಉಪ್ಪುನೀರನ್ನು ಸಿಹಿನೀರಾಗಿಸುವ ಘಟಕ. 25 ಕೋಟಿ ಪೌಂಡ್ ಸುರಿದು ಬರಗಾಲಕ್ಕೆಂದೇ ಕಟ್ಟಿದ ಆ ಘಟಕ ಬರ ಬಂದಾಗ ಕೆಲಸ ಮಾಡುವ ಸ್ಥಿತಿಯಲ್ಲಿರಲಿಲ್ಲ. ಎರಡನೆಯದು, ಕೊಳಚೆ. ಹಳೆಯ ಒಳಚರಂಡಿಗಳಲ್ಲಿ ಮಳೆನೀರೂ ಕೊಳಚೆಯೂ ಒಟ್ಟಿಗೆ ಹರಿಯುವುದರಿಂದ, ಜೋರು ಮಳೆಯಲ್ಲಿ ಉಕ್ಕಿ ಬಂದುದನ್ನು ನದಿಗೆ ಬಿಡಲು ಅವಕಾಶವಿದೆ. ಆದರೆ ಬರದ ವರ್ಷವಾದ 2022ರಲ್ಲೂ ಇಂಗ್ಲೆಂಡಿನ ನದಿ, ಕಡಲಿಗೆ ಕೊಳಚೆ ಬಿಟ್ಟ ಪ್ರಕರಣಗಳು 3 ಲಕ್ಷ ದಾಟಿದವು. 2023ರಲ್ಲಿ ಅದು 4.64 ಲಕ್ಷಕ್ಕೇರಿತು. ಹೂವಿನ ಗಿಡಕ್ಕೆ ನೀರು ಹಾಕಿದರೆ ನನಗೆ ದಂಡ, ಮಕ್ಕಳು ಈಜುವ ಕಡಲಿಗೆ ಕೊಳಚೆ ಬಿಡುವವರಿಗೆ ಬೋನಸ್ಸು! ಈ ಒಂದು ಮಾತು ಪಕ್ಷಭೇದವಿಲ್ಲದೆ ಇಡೀ ದೇಶವನ್ನು ಒಂದುಗೂಡಿಸಿತು.

2023ರ ಜೂನ್‌ನಲ್ಲಿ ಆಗ್ನೇಯ ಭಾಗದಲ್ಲಿ ಮತ್ತೆ ನೀರು ನಿಂತಾಗ ಸೌತ್ ಈಸ್ಟ್ ವಾಟರ್‌ನ ಮುಖ್ಯಸ್ಥರು, ಜನ ಮನೆಯಿಂದಲೇ ಕೆಲಸ ಮಾಡುತ್ತಿರುವುದೂ ಒಂದು ಕಾರಣ ಎಂದು ಗ್ರಾಹಕರಿಗೆ ಬರೆದರು. ಅಂದರೆ ತಪ್ಪು ಮತ್ತೆ ಮನೆಯವರದ್ದೇ ಆಯಿತು.

ಖಾಸಗಿಯೊಂದೇ ಕಾರಣವೇ?

ನ್ಯಾಯವಾಗಿ ಹೇಳುವುದಾದರೆ ಎಲ್ಲವನ್ನೂ ಕಂಪೆನಿಗಳ ತಲೆಗೆ ಕಟ್ಟುವಂತಿಲ್ಲ. 1992ರಲ್ಲಿ ಡರ್ಬಿಶೈರ್‌ನ ಕಾರ್ಸಿಂಗ್ಟನ್ ಜಲಾಶಯದ ಉದ್ಘಾಟನೆಯಾದ ಬಳಿಕ ಮೂರು ದಶಕ ಇಂಗ್ಲೆಂಡಿನಲ್ಲಿ ದೊಡ್ಡ ಜಲಾಶಯ ತಲೆಯೆತ್ತಿಲ್ಲ. ಆದರೆ ಆಕ್ಸ್‌ಫರ್ಡ್‌ಶೈರ್‌ನ ಅಬಿಂಗ್ಡನ್ ಬಳಿ ಜಲಾಶಯ ಕಟ್ಟಲು ಥೇಮ್ಸ್ ವಾಟರ್ ಮುಂದಾದಾಗ ಸ್ಥಳೀಯರು ವಿರೋಧಿಸಿದರು, 2011ರಲ್ಲಿ ಸರಕಾರವೇ ಬೇಡವೆಂದಿತು. ನಿಯಂತ್ರಣ ಸಂಸ್ಥೆಯೂ ಬಿಲ್ ಏರದಂತೆ ನೋಡಿಕೊಳ್ಳುವುದಕ್ಕೆ ಕೊಟ್ಟ ಮಹತ್ವವನ್ನು ನಾಳಿನ ನೀರಿಗೆ ಕೊಡಲಿಲ್ಲ. ಬಿಲ್ ಕಡಿಮೆ ಇದ್ದಾಗ ಜನರೂ ಪ್ರಶ್ನಿಸಲಿಲ್ಲ.

ಮಾಲಕತ್ವ ಬದಲಾದರೆ ಎಲ್ಲವೂ ಸರಿಹೋಗುತ್ತದೆಯೇ? ಸ್ಕಾಟ್ಲೆಂಡ್‌ನಲ್ಲಿ ನೀರು ಖಾಸಗಿಯಾಗಲೇ ಇಲ್ಲ. 1994ರಲ್ಲಿ ಸ್ಟ್ರಾತ್‌ಕ್ಲೈಡ್ ಪ್ರಾಂತದಲ್ಲಿ ನಡೆದ ಜನಮತಗಣನೆಯಲ್ಲಿ ಶೇ. 97 ಮಂದಿ ಖಾಸಗೀಕರಣ ಬೇಡವೆಂದರು. ವೇಲ್ಸ್‌ನ ಕಂಪೆನಿಯನ್ನು 2001ರಲ್ಲಿ ಷೇರುದಾರರಿಲ್ಲದ ಸಂಸ್ಥೆಯೊಂದು ವಹಿಸಿಕೊಂಡಿತು. ಪ್ಯಾರಿಸ್ ನಗರ 2010ರಲ್ಲಿ ನೀರು ಪೂರೈಕೆಯನ್ನು ಖಾಸಗಿಯವರಿಂದ ಹಿಂದಕ್ಕೆ ಪಡೆಯಿತು. ಹಾಗಿದ್ದರೂ ಸೋರಿಕೆಯ ಬಗ್ಗೆ ತಪ್ಪು ಲೆಕ್ಕ ಕೊಟ್ಟುದಕ್ಕಾಗಿ 2024ರಲ್ಲಿ ಆಫ್‌ವಾಟ್ ಕ್ರಮಕ್ಕೆ ಗುರಿಯಾದದ್ದು ಷೇರುದಾರರಿಲ್ಲದ ಅದೇ ವೇಲ್ಸ್‌ನ ಸಂಸ್ಥೆ! ಲಾಭದ ಆಸೆ ಇಲ್ಲದ ಮಾತ್ರಕ್ಕೆ ಪ್ರಾಮಾಣಿಕತೆ ತನ್ನಿಂದ ತಾನೇ ಬರುವುದಿಲ್ಲ. ಯಾರ ಕೈಯಲ್ಲಿದ್ದರೂ ಲೆಕ್ಕ ಕೇಳುವವರು ಬೇಕು.

2025ರ ಜುಲೈ 21ರಂದು ಸರ್ ಜಾನ್ ಕನ್ಲಿಫ್ ನೇತೃತ್ವದ ಸ್ವತಂತ್ರ ಆಯೋಗ 88 ಶಿಫಾರಸುಗಳ ವರದಿ ಕೊಟ್ಟಿತು. ಆಫ್‌ವಾಟ್ ರದ್ದುಮಾಡಿ, ಹಂಚಿಹೋದ ಅಧಿಕಾರಗಳನ್ನು ಒಂದೇ ಬಲವಾದ ಸಂಸ್ಥೆಗೆ ಕೊಡಬೇಕೆಂಬುದು ಅದರ ಮುಖ್ಯ ಮಾತು. ಸರಕಾರ ಅದನ್ನು ಒಪ್ಪಿತು. ಆದರೆ ರಾಷ್ಟ್ರೀಕರಣ ಬೇಕೇ ಬೇಡವೇ ಎಂದು ನೋಡುವುದೇ ಆಯೋಗದ ಕಾರ್ಯವ್ಯಾಪ್ತಿಯ ಹೊರಗಿತ್ತು. ಜನ ಹೆಚ್ಚಾಗಿ ಕೇಳುತ್ತಿದ್ದ ಪ್ರಶ್ನೆಗೆ ಅಲ್ಲಿ ಜಾಗವಿರಲಿಲ್ಲ.

ನಮಗೇನು ಪಾಠ?

ಇದು ದೂರದ ಊರಿನ ಕತೆ ಎಂದು ತಳ್ಳಿಹಾಕುವಂತಿಲ್ಲ. ಕರ್ನಾಟಕದಲ್ಲೂ 2005ರ ಸುಮಾರಿಗೆ ವಿಶ್ವಬ್ಯಾಂಕಿನ ಸಾಲದಿಂದ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಆಯ್ದ ವಾರ್ಡುಗಳಲ್ಲಿ ದಿನದ 24 ಗಂಟೆಯೂ ನೀರು ಕೊಡುವ ಕೆಲಸವನ್ನು ಫ್ರಾನ್ಸಿನ ವಿಯೋಲಿಯಾ ಕಂಪೆನಿಗೆ ವಹಿಸಲಾಗಿತ್ತು. ಆ ವಾರ್ಡುಗಳಲ್ಲಿ ನಳ್ಳಿಯಲ್ಲಿ ಸದಾ ನೀರು ಬಂದದ್ದು ನಿಜ. ಇಲ್ಲಿ ಪೈಪುಗಳು ಇನ್ನೂ ಊರಿನ ಸೊತ್ತು. ಅದು ಸಣ್ಣ ವ್ಯತ್ಯಾಸವಲ್ಲ. ಗುತ್ತಿಗೆ ಸರಿಯಿಲ್ಲದಿದ್ದರೆ ಮುಗಿಸಬಹುದು, ಮಾರಿದ್ದನ್ನು ಹಿಂದಕ್ಕೆ ಪಡೆಯುವುದು ಎಷ್ಟು ಕಷ್ಟವೆಂದು ಇಂಗ್ಲೆಂಡ್ ತೋರಿಸಿದೆ. 2019 ಮತ್ತು 2023ರ ಬೇಸಗೆಯಲ್ಲಿ ತುಂಬೆ ಅಣೆಕಟ್ಟಿನ ನೀರು ಇಳಿದು ಮಂಗಳೂರಿನಲ್ಲಿ ಸರದಿಯಂತೆ ನೀರು ಬಿಟ್ಟ ದಿನಗಳನ್ನು ನಾವು ಮರೆತಿಲ್ಲ. ಮುಂದಿನ ಬೇಸಗೆಗಳು ಇದಕ್ಕಿಂತ ಸುಲಭವಾಗಿರಲಾರವು. ಗುತ್ತಿಗೆ ಪತ್ರದಲ್ಲಿ ಏನಿದೆ, ಸೋರಿಕೆ ಎಷ್ಟು, ತಪ್ಪಿದರೆ ದಂಡ ಯಾರಿಗೆ ಎಂದು ಕೇಳಬೇಕಾದದ್ದು ನೀರಿರುವಾಗಲೇ, ಬಾವಿ ಬತ್ತಿದ ಮೇಲಲ್ಲ.

2010ರ ಜುಲೈ 28ರಂದು ವಿಶ್ವಸಂಸ್ಥೆಯ ಮಹಾಸಭೆ ಶುದ್ಧ ನೀರು ಮನುಷ್ಯನ ಹಕ್ಕೆಂದು ಸಾರಿದಾಗ ಭಾರತ ಪರವಾಗಿ ಮತ ಹಾಕಿತು, ಬ್ರಿಟನ್ ಮತದಾನದಿಂದ ದೂರ ಉಳಿಯಿತು. ಪೋಪ್ ಫ್ರಾನ್ಸಿಸ್ 2015ರ 'ಲೌದಾತೊ ಸಿ' ಪರಿಪತ್ರದಲ್ಲಿ ಅದೇ ಹಕ್ಕನ್ನು ಎತ್ತಿಹಿಡಿದು, ನೀರನ್ನು ಮಾರುಕಟ್ಟೆಯ ಸರಕಾಗಿಸುವ ಒಲವಿನ ಬಗ್ಗೆ ಎಚ್ಚರಿಸಿದ್ದರು. ಹಕ್ಕೆಂದು ಒಪ್ಪಿಕೊಂಡರೆ ಅದಕ್ಕೆ ಹೊಣೆಗಾರರು ಯಾರೆಂಬುದೂ ಸ್ಪಷ್ಟವಾಗಬೇಕು.

ಬರಗಾಲದಲ್ಲಿ ಯಾವ ಸರಕಾರವಾಗಲಿ, ಕಂಪೆನಿಯಾಗಲಿ ಜನರಲ್ಲಿ ಕೇಳುವುದು ತ್ಯಾಗವನ್ನು. ತ್ಯಾಗವನ್ನು ಬಿಲ್ ಹಾಕಿ ವಸೂಲು ಮಾಡಲಾಗದು, ದಂಡ ಹಾಕಿಯೂ ಪಡೆಯಲಾಗದು. ಕೇಳುವವರು ಮೊದಲು ತಮ್ಮ ಪಾಲನ್ನು ಮಾಡಿದ್ದಾರೆಂಬ ನಂಬಿಕೆ ಇದ್ದರೆ ಮಾತ್ರ ಜನ ಅದನ್ನು ಕೊಡುತ್ತಾರೆ. 1976ರ ಇಂಗ್ಲೆಂಡಿನಲ್ಲಿ ಜನ ಬಕೆಟ್ ಹಿಡಿದು ತಾಳ್ಮೆಯಿಂದ ನಿಂತರು. ಅವರ ಮಕ್ಕಳು, ಮೊಮ್ಮಕ್ಕಳು ಇಂದು ಮೊದಲು ನಿಮ್ಮ ಪೈಪು ಸರಿಮಾಡಿ ಎನ್ನುತ್ತಿದ್ದಾರೆ. ಅವರ ಮಾತಿನಲ್ಲಿ ತಪ್ಪೇನಿದೆ?